ಸೀತೆಯ ಎಣ್ಣೆನೀರು

ವಸಂತನರಸಾಪುರದ ಸುತ್ತಿನ ಶಾಲೆಗಳವರಿಗೆ ಒಂದು ದಿನದ ಪ್ರವಾಸವೆಂದರೆ ದೇವರಾಯನದುರ್ಗ, ನಾಮದ ಚಿಲುಮೆ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಹಿಂದಿರುಗಬಹುದು. ಹಣೆಗೆ ನಾಮ ಹಚ್ಚಿಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಹೊಡೆದ, ಅಲ್ಲಿ ಚಿಲುಮೆ ಎದ್ದಿತು ಎಂಬ ಕಥೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ಎಲ್ಲಾ ಕಡೇನೂ ಬಾಣ ಬಿಟ್ರೇನೇ ಯಾಕೆ ನೀರು ಬರೋದು?" ಎಂದು ಕೇಳಿದಳು. "ಸಾಲಿನಲ್ಲಿ ನಡಿ" ಎಂದು ಗದರಿ ಮುಂದೆ ಕಳಿಸಿದೆ. ಉತ್ತರ ಗೊತ್ತಿರಲಿಲ್ಲ, ಅಷ್ಟೆ.

ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಸೀತೆಗೆ ಬಾಯಾರಿತೆಂದು ರಾಮ ಅಂಬು ಬಿಟ್ಟ, ಶರಾವತಿ ಹುಟ್ಟಿದಳು. ಆ ನೀರೇ ಮುಂದೆ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತದೆ. ಕೊಡಗಿನ ಇರ್ಪುವಿನಲ್ಲಿ ಬಾಯಾರಿದವನು ರಾಮ, ಬ್ರಹ್ಮಗಿರಿಗೆ ಬಾಣ ಬಿಟ್ಟವನು ಲಕ್ಷ್ಮಣ. ಅದಕ್ಕೇ ಹೊಳೆಯ ಹೆಸರು ಲಕ್ಷ್ಮಣತೀರ್ಥ. ಪ್ರವಾಸಿ ಪುಸ್ತಕಗಳು ಇವೆಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಎರಡು ಸಾಲಿನಲ್ಲಿ ಮುಗಿಸಿ, ಬಸ್ಸಿನ ವೇಳೆಗೆ ಬರುತ್ತವೆ. ಓದಿದವರು ಇದೆಲ್ಲ ಕಟ್ಟುಕಥೆ ಎಂದು ನಗುತ್ತಾರೆ. ಭಕ್ತರು ಕೈ ಮುಗಿಯುತ್ತಾರೆ. ಕಥೆಯನ್ನು ಕಿವಿಗೊಟ್ಟು ಕೇಳುವವರು ಇಬ್ಬರಲ್ಲೂ ಕಡಿಮೆ.

ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಮೈಸೂರು ಜಿಲ್ಲೆಯ ಚುಂಚನಕಟ್ಟೆಯೇ ಸಾಕ್ಷಿ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಭೋರ್ಗರೆದು ಇಳಿಯುತ್ತಾಳೆ. ಕಾಡಿನಲ್ಲಿದ್ದ ಚುಂಚ, ಚುಂಚಿ ಎಂಬ ದಂಪತಿಗಳ ಬಳಿಗೆ ವನವಾಸದ ರಾಮ, ಸೀತೆ, ಲಕ್ಷ್ಮಣರು ಬಂದರಂತೆ. ಸೀತೆಗೆ ಮೀಯಬೇಕೆನ್ನಿಸಿತು. ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟ. ಆದರೆ ಇಲ್ಲಿ ಬರಿಯ ನೀರು ಬರಲಿಲ್ಲ. ಎಣ್ಣೆ, ಸೀಗೆ, ಅರಿಸಿನ ಮೂರೂ ಬೇರೆ ಬೇರೆ ಬಣ್ಣದ ಧಾರೆಗಳಾಗಿ ಬಂದವು.

ನನ್ನ ಮಟ್ಟಿಗೆ ಈ ಮೂರು ಧಾರೆಗಳಲ್ಲೇ ಕಥೆಯ ಜೀವ ಇದೆ. ಬಾಣ ಪುರಾಣದಿಂದ ಬಂದದ್ದು, ಯಾರು ಬೇಕಾದರೂ ತರಬಹುದು. ಸೀಗೆ ಬಂದದ್ದು ಬಚ್ಚಲಿನಿಂದ. ಕಾಡುಮೇಡು ಅಲೆದ ಹೆಣ್ಣಿನ ತಲೆ ಎಷ್ಟು ಜಡ್ಡುಗಟ್ಟಿರುತ್ತದೆ, ಅದಕ್ಕೆ ತಣ್ಣೀರೊಂದೇ ಸಾಲದು ಎಂದು ಯೋಚಿಸಿದವರು ಯಾರು? ಬಾಣಂತಿಗೆ, ಹಬ್ಬದ ದಿನ ಮಕ್ಕಳಿಗೆ, ತವರಿಗೆ ಬಂದ ಮಗಳಿಗೆ ಎಣ್ಣೆನೀರು ಎರೆದ ಕೈಗಳೇ ಇರಬೇಕು. ರುಜುವಾತು ಕೇಳಿದರೆ ಕೊಡಲಾರೆ. ಆದರೆ ಹೆಂಗಸರು ಬಾಯಿಂದ ಬಾಯಿಗೆ ದಾಟಿಸದೆ ಇಂಥ ವಿವರ ಉಳಿಯುವುದಿಲ್ಲ ಎಂದು ನಂಬಿದ್ದೇನೆ.

ಇನ್ನೊಂದು ಮಾತು. ಅಲ್ಲಿ ಕೋದಂಡರಾಮನ ಗುಡಿ ಇದೆ, ಜನ ರಾಮನಿಗಾಗಿಯೇ ಬರುತ್ತಾರೆ. ಆದರೆ ಊರಿಗೆ ರಾಮನ ಹೆಸರಿಲ್ಲ, ಬಾಣ ಬಿಟ್ಟ ಲಕ್ಷ್ಮಣನ ಹೆಸರೂ ಇಲ್ಲ. ಚುಂಚನ ಹೆಸರೇ ನಿಂತಿದೆ. ದೊಡ್ಡವರು ಬಂದರೂ ಮನೆಯೊಡೆಯ ಯಾರೆಂಬುದನ್ನು ಆ ಹೆಸರು ಮರೆಯಲಿಲ್ಲ. ಕಥೆ ಹೇಳುವ ನಾವು ಮರೆಯುತ್ತೇವೆ. ಅವನ ಹೆಂಡತಿ ಚುಂಚಿಯನ್ನಂತೂ ಇನ್ನೂ ಬೇಗ.

ಅಧಿಕಾರದಲ್ಲಿದ್ದವರು ಇಟ್ಟ ಹೆಸರುಗಳ ಜೊತೆ ಇದನ್ನು ಹೋಲಿಸಿ ನೋಡಬೇಕು. ಉತ್ತರ ಕನ್ನಡದ ಉಂಚಳ್ಳಿಗೆ ಲಷಿಂಗ್ಟನ್ ಎಂಬ ಕಲೆಕ್ಟರರ ಹೆಸರು ಅಂಟಿತ್ತು. ಜೋಗದ ರಾಣಿಯನ್ನು ಹಿಂದಿನ ಇಂಗ್ಲಿಷ್ ಬರಹಗಳು 'ಡೇಮ್ ಬ್ಲಾಂಷ್' ಎಂದವು, ಬಿಳಿಯ ಹೆಂಗಸು ಎಂದು. ರೋರರ್, ರಾಕೆಟ್ ಇಂದಿಗೂ ಉಳಿದಿವೆ. ಕಣ್ಣಿಗೆ ಕಂಡದ್ದನ್ನು ಅವು ಹೇಳುತ್ತವೆ, ತಪ್ಪಲ್ಲ. ಆದರೆ ಅಲ್ಲಿ ಬಾಳಿದವರು ಒಬ್ಬರೂ ಅವುಗಳಲ್ಲಿ ಇಲ್ಲ. ಈಗ ನಾವೂ ಮಡಿಕೇರಿಗೆ ಹೋಗಿ 'ಅಬ್ಬಿ ಫಾಲ್ಸ್' ಎನ್ನುತ್ತೇವೆ. ಅಬ್ಬಿ ಎಂದರೇ ಜಲಪಾತ ಎಂಬುದು ನೆನಪಿಲ್ಲದೆ, ಜಲಪಾತದ ಜಲಪಾತ ನೋಡಿ ಬರುತ್ತೇವೆ.

ನಾನೂ ಇದರಲ್ಲಿ ತಪ್ಪಿತಸ್ಥೆ. ಪರೀಕ್ಷೆಗೆ ಎತ್ತರ, ನದಿ, ಜಿಲ್ಲೆ ಇಷ್ಟು ಸಾಕೆಂದು ಎಷ್ಟೋ ವರ್ಷ ಸೀಗೆ, ಅರಿಸಿನಗಳನ್ನು ಪಾಠದಿಂದ ಕೈಬಿಟ್ಟೆ. ಈಗ ಮೊದಲು ಕಥೆ ಹೇಳಿ, ಆಮೇಲೆ ಎತ್ತರ ಬರೆಸುತ್ತೇನೆ. ನಿಮ್ಮೂರಿನ ಕೆರೆಗೆ, ಕಲ್ಯಾಣಿಗೆ, ಗುಟ್ಟೆಗೆ ಆ ಹೆಸರು ಹೇಗೆ ಬಂತೆಂದು ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಕೆಲವರು ಬರಿಗೈಯಲ್ಲಿ ಬರುತ್ತಾರೆ, "ಅಜ್ಜಿಗೂ ಗೊತ್ತಿಲ್ವಂತೆ ಮಿಸ್" ಎಂದು. ಅಂಥ ದಿನ ನನಗೆ ಆ ಹುಡುಗಿಯನ್ನು ಗದರಿದ್ದು ನೆನಪಾಗುತ್ತದೆ. ಯಾವ ಅಜ್ಜಿಯೂ ತಾನಾಗಿ ಮರೆತಿರಲಾರಳು, ಕೇಳಲು ಹೋದಾಗ ಅವಳನ್ನೂ ಯಾರೋ ಗದರಿರಬೇಕು.