ಬ್ರಹ್ಮಗಿರಿಯ ಕಾಲನಿರ್ಣಯ: ವೀಲರ್ ವರದಿಯ ವಿಮರ್ಶೆ

ಲೋಕಚರಿತ್ರೆಯನ್ನು ಬೋಧಿಸುವ ಗ್ರಂಥಗಳ ಕಾಲಪಟ್ಟಿಗಳಲ್ಲಿ ಐಗುಪ್ತ, ಬ್ಯಾಬಿಲೋನಿಯ, ಚೀನ, ಗ್ರೀಸ್, ರೋಮ್ ಎಂಬ ಹೆಸರುಗಳ ಕೆಳಗೆ ಶತಮಾನಗಳು ಸಾಲಾಗಿ ತುಂಬಿರುವುವು. ಕನ್ನಡನಾಡಿನ ಅಂಕಣವಾದರೋ ಸಾಮಾನ್ಯವಾಗಿ ಅಶೋಕನ ಶಾಸನಗಳಿಂದ ಮೊದಲಾಗುವುದು. ಅದಕ್ಕೂ ಮೇಲಣ ಭಾಗವು ಬರಿದಾಗಿರುವುದು. ಆ ಬರಿಯ ಸ್ಥಳವನ್ನು ಶಾಸ್ತ್ರೀಯವಾಗಿ ತುಂಬಲು ನಡೆದ ಪ್ರಯತ್ನಗಳಲ್ಲಿ ಮಾರ್ಟಿಮರ್ ವೀಲರ್ ಮಹಾಶಯರದು ಬಹು ಗಣ್ಯವಾದುದು. ಅವರು 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ವರದಿಯು ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ದಕ್ಷಿಣಾಪಥದ ಪ್ರಾಚೀನತೆಯನ್ನು ಕುರಿತು ಆಮೇಲೆ ಬರೆದವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಈ ವರದಿಗೆ ಋಣಿಗಳು. ಅದರ ಕಾಲನಿರ್ಣಯವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು, ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದೇ ಇಲ್ಲಿಯ ವಿಚಾರ.

ಜಗಳೂರು ತಾಲ್ಲೂಕಿನ ಸೊಕ್ಕೆಯ ಸುತ್ತಣ ಬಯಲುಸೀಮೆಯಿಂದ ಪೂರ್ವಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿ ಸಿದ್ದಾಪುರದ ಬಳಿ ಬ್ರಹ್ಮಗಿರಿಯಿರುವುದು. ದಕ್ಷಿಣಕ್ಕೆ ಹೋದರೆ ಚಿತ್ರದುರ್ಗ. ಅದರ ಬೆಟ್ಟಗಳ ಮಗ್ಗುಲಲ್ಲಿ ಚಂದ್ರವಳ್ಳಿಯಿರುವುದು. ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದರೂ ಅದಕ್ಕೆ ಮುಂಚೆ ಈ ಪ್ರದೇಶವೆಲ್ಲವೂ ಚಿತ್ರದುರ್ಗ ಜಿಲ್ಲೆಯೇ ಆಗಿದ್ದಿತು. ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಚಂದ್ರವಳ್ಳಿಯನ್ನೂ ಮುಂದೆ ಬ್ರಹ್ಮಗಿರಿಯನ್ನೂ ಅಗೆದು ನೋಡಿದರು. ವೀಲರ್ ಮಹಾಶಯರು ಈ ಪೂರ್ವಿಕರು ಹಾಕಿದ ತಳಹದಿಯ ಮೇಲೆಯೇ ಕೆಲಸ ಮಾಡಿದರೆಂಬುದನ್ನು ಮರೆಯಲಾಗದು.

ವರದಿಯ ತರ್ಕವು ಸರಳವೂ ಸುಂದರವೂ ಆದುದು. ಬ್ರಹ್ಮಗಿರಿಯ ಮಣ್ಣಿನಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಕಂಡುಬಂದವು: ಎಲ್ಲಕ್ಕಿಂತ ಕೆಳಗೆ ಕಲ್ಗೊಡಲಿಯವರದು, ಅದರ ಮೇಲೆ ಕಬ್ಬಿಣವನ್ನು ಬಳಸಿ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರದು, ಮೇಲ್ಗಡೆ ಆಂಧ್ರ ಅಥವಾ ಶಾತವಾಹನರ ಕಾಲದ್ದು. ಕ್ರಮ ತಿಳಿಯಿತು; ಕಾಲ ತಿಳಿಯುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ರೋಮಿನಿಂದ. ವೀಲರ್ ಅವರು 1945ರಲ್ಲಿ ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ ಇಟಲಿಯ ಅರೆಟೈನ್ ಮಣ್ಪಾತ್ರೆಗಳ ಜೊತೆಯಲ್ಲಿ ಚಕ್ರಾಂಕಿತವಾದ ಒಂದು ಬಗೆಯ ಪಾತ್ರೆಯನ್ನು ಕಂಡಿದ್ದರು. ಅದೇ ಬಗೆಯ ಪಾತ್ರೆ ಬ್ರಹ್ಮಗಿರಿಯ ಮೇಲಣ ಪದರದಲ್ಲಿಯೂ ದೊರೆಯಿತು. ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಗಳು ಚಂದ್ರವಳ್ಳಿಯಲ್ಲಿ ಸಿಕ್ಕಿದ್ದವು. ಹೀಗೆ ಆಂಧ್ರ ಪದರವು ಕ್ರಿ. ಶ. ಮೊದಲನೆಯ ಶತಮಾನದ ನಡುವೆ ಆರಂಭವಾಯಿತೆಂದೂ, ಅದರ ಕೆಳಗಣ ಶಿಲಾಸಮಾಧಿಗಳ ಸಂಸ್ಕೃತಿಯು ಸುಮಾರು ಕ್ರಿ. ಪೂ. 200ರಲ್ಲಿ ಮೊದಲಾಯಿತೆಂದೂ, ಅದಕ್ಕೂ ಹಿಂದಿನ ಕಲ್ಗೊಡಲಿಯವರು ಕ್ರಿ. ಪೂ. ಮೊದಲನೆಯ ಸಹಸ್ರಮಾನದವರೆಂದೂ ನಿರ್ಣಯವಾಯಿತು.

ಈ ವರದಿಯ ಗುಣಗಳನ್ನು ಮೊದಲು ಹೇಳತಕ್ಕದ್ದು ನ್ಯಾಯ. ಪ್ರತಿಯೊಂದು ವಸ್ತುವನ್ನೂ ಅದು ಬಿದ್ದಿದ್ದ ಪದರದೊಡನೆ ದಾಖಲಿಸುವ ಶಿಸ್ತನ್ನು ಅದು ಈ ಭಾಗದಲ್ಲಿ ನೆಲೆಗೊಳಿಸಿತು. ಪದರಗಳ ನಕ್ಷೆಗಳನ್ನು ಮುಚ್ಚಿಡದೆ ಓದುಗರ ಮುಂದಿಟ್ಟುದರಿಂದ, ಮುಂದಿನವರು ಅದನ್ನು ತಿದ್ದಲು ಬೇಕಾದ ಸಾಧನವನ್ನು ಅದೇ ಒದಗಿಸಿತು. ಮೂರು ಸಂಸ್ಕೃತಿಗಳ ಪೌರ್ವಾಪರ್ಯವು ಇಂದಿಗೂ ಅಲುಗಿಲ್ಲ. ಇಂಗಾಲದ ಪರೀಕ್ಷೆಯಿಂದ ಕಾಲವನ್ನು ತಿಳಿಯುವ ಲಿಬ್ಬಿ ಅವರ ವಿಧಾನವು ಲೋಕಕ್ಕೆ ಪರಿಚಯವಾದುದು 1949ರಲ್ಲಿ. 1947ರ ಶೋಧಕನಿಗೆ ಅದು ಇಲ್ಲದಿದ್ದುದಕ್ಕೆ ಆತನನ್ನು ದೂರುವುದು ಸಲ್ಲದು.

ಆದರೆ ದೋಷವು ಸಾಧನದ ಕೊರತೆಯಲ್ಲಿ ಮಾತ್ರ ಇರಲಿಲ್ಲ. ಇದ್ದ ಸಾಧನದಿಂದ ಅದು ಕೊಡಲಾರದ ಫಲವನ್ನು ಬಯಸಿದುದರಲ್ಲಿ ಇದ್ದಿತು. ಒಂದು ನಾಣ್ಯವು ತಾನಿರುವ ಪದರ ತನಗಿಂತ ಹಿಂದಿನದಲ್ಲವೆಂಬುದನ್ನು ಮಾತ್ರ ಹೇಳಬಲ್ಲುದು. ತನ್ನ ಕೆಳಗಿನ ಪದರವು ಎಷ್ಟು ಹಳೆಯದೆಂಬುದನ್ನು ಅದು ಹೇಳದು. ತಾನು ಎಷ್ಟು ಕಾಲ ಕೈಯಿಂದ ಕೈಗೆ ನಡೆದು ಮಣ್ಣಿಗೆ ಬಿದ್ದಿತೆಂಬುದನ್ನೂ ಹೇಳದು. ಕ್ರಿ. ಶ. 64ರಲ್ಲಿ ನೀರೋ ದಿನಾರಿಯ ಬೆಳ್ಳಿಯನ್ನು ತಗ್ಗಿಸಿದ ಮೇಲೆ ಹಳೆಯ ಉತ್ತಮ ನಾಣ್ಯಗಳಿಗೆ ಭಾರತದ ಪೇಟೆಗಳಲ್ಲಿ ಮನ್ನಣೆ ಹೆಚ್ಚಿದ್ದುದು ಸಹಜ. ಚಕ್ರಾಂಕಿತ ಪಾತ್ರೆಯ ವಿಷಯವೂ ಹೀಗೆಯೇ. ಅರಿಕಮೇಡನ್ನು ಪುನಃ ಪರಿಶೀಲಿಸಿದ ವಿಮಲಾ ಬೆಗ್ಲಿ ಅವರು ಈ ಪಾತ್ರೆ ಭಾರತದಲ್ಲಿಯೇ ತಯಾರಾದುದೆಂದೂ, ರೋಮಿನ ವ್ಯಾಪಾರದ ಉಚ್ಛ್ರಾಯಕ್ಕೆ ಮುಂಚೆಯೇ ಬಳಕೆಗೆ ಬಂದುದೆಂದೂ ವಾದಿಸಿದರು. ಅಳತೆಗೋಲೇ ಉದ್ದವಾದ ಮೇಲೆ ಅದರಿಂದ ಅಳೆದದ್ದೆಲ್ಲವೂ ಬದಲಾಗಬೇಕಾಯಿತು.

ಇದರ ಫಲವಾಗಿ ವರದಿಯಿಂದ ಮೂಡುವ ಚಿತ್ರವು ವಿಚಿತ್ರವಾದುದು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ಕಳುಹಿಸಿದ ಆಜ್ಞೆ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದನು. ಆ ಲಿಪಿ ವಾಯವ್ಯ ಪ್ರಾಂತದ್ದು. ಪಾರಸಿಕ ಸಾಮ್ರಾಜ್ಯದ ಆಡಳಿತದಲ್ಲಿ ನಡೆಯುತ್ತಿದ್ದ ಅರಮಾಯಿಕ್ ಬರಹದಿಂದ ಹುಟ್ಟಿದುದು. ಇಷ್ಟು ದೂರದ ಸಂಪರ್ಕವುಳ್ಳ ಅಧಿಕಾರಿಗಳು, ವರದಿಯ ಗಣನೆಯನ್ನು ಒಪ್ಪುವುದಾದರೆ, ಇನ್ನೂ ಕಲ್ಗೊಡಲಿಯನ್ನೇ ಹಿಡಿದಿದ್ದ ಜನರ ನಡುವೆ ಧರ್ಮಲಿಪಿಯನ್ನು ಕೆತ್ತಿಸಿದರೆಂದಾಗುವುದು. ಕಬ್ಬಿಣವೂ ಮೌರ್ಯರ ಹಿಂದೆಯೇ ದಕ್ಷಿಣಕ್ಕೆ ಬಂದಿತೆಂಬ ಅಭಿಪ್ರಾಯಕ್ಕೆ ಇದೇ ಆಧಾರ.

ಈ ಚಿತ್ರವನ್ನು ಕೆಡವಿದುದು ಕನ್ನಡನಾಡಿನ ಮಣ್ಣೇ. ತುಂಗಭದ್ರೆಯ ದಡದ ಹಳ್ಳೂರನ್ನು ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಗೆದಾಗ, ಕಬ್ಬಿಣವು ಮೊದಲು ಕಾಣುವ ಪದರದ ಇದ್ದಿಲು ಇಂಗಾಲದ ಪರೀಕ್ಷೆಯಲ್ಲಿ ಸುಮಾರು ಕ್ರಿ. ಪೂ. 1000ದ ಕಾಲವನ್ನು ಕೊಟ್ಟಿತು. ಬಳ್ಳಾರಿ, ರಾಯಚೂರು ಸೀಮೆಗಳ ಬೂದಿದಿಬ್ಬಗಳೂ ನವಶಿಲಾಯುಗದ ನೆಲೆಗಳೂ ಕ್ರಿ. ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದೆ ಸರಿದವು. ಅಂದರೆ ಹರಪ್ಪದ ನಗರಗಳು ಉಚ್ಛ್ರಾಯದಲ್ಲಿದ್ದಾಗ ಇಲ್ಲಿಯ ಗೋಪಾಲಕರು ದನಗಳ ಹಟ್ಟಿಗಳನ್ನು ಕಟ್ಟಿ ಬೇಸಾಯವನ್ನು ಆರಂಭಿಸಿದ್ದರು; ಪೂರ್ವ ಮೆಡಿಟರೇನಿಯನ್ ನಾಡುಗಳಲ್ಲಿ ಕಂಚು ಹಿಂದೆ ಸರಿದು ಕಬ್ಬಿಣವು ಮುಂದೆ ಬಂದ ಕಾಲಕ್ಕೆ ಬಹು ದೂರವಲ್ಲದೆ ಇಲ್ಲಿಯೂ ಕಬ್ಬಿಣವು ಬಂದಿತು. ಅಶೋಕನ ಶಾಸನವನ್ನು ಕೇಳಿದ ಜನರು ಅನೇಕ ಶತಮಾನಗಳಿಂದ ಕಬ್ಬಿಣವನ್ನು ಬಲ್ಲವರು.

ಇದರಿಂದ ಇನ್ನೊಂದು ತತ್ತ್ವವೂ ತಿಳಿಯುವುದು. ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂಬ ವಿಭಾಗವನ್ನು ಡೆನ್ಮಾರ್ಕಿನ ಥಾಮ್ಸನ್ ಅವರು ಕೋಪನ್‌ಹೇಗನ್ನಿನ ಸಂಗ್ರಹಾಲಯಕ್ಕಾಗಿ ರೂಪಿಸಿ 1836ರಲ್ಲಿ ಪ್ರಕಟಿಸಿದರು. ಬ್ರಹ್ಮಗಿರಿಯಲ್ಲಿ ಕಲ್ಲಿನ ಕಾಲದ ಕೊನೆಗೆ ಅಲ್ಪಸ್ವಲ್ಪ ತಾಮ್ರ ಕಾಣುವುದೇ ಹೊರತು, ಪ್ರತ್ಯೇಕವಾದ ಕಂಚಿನ ಯುಗವಿಲ್ಲ. ಒಂದು ದೇಶದ ಸಂಗ್ರಹಾಲಯದ ಕ್ರಮವನ್ನು ಸಮಸ್ತ ಮಾನವಕುಲದ ಕ್ರಮವೆಂದು ಬೋಧಿಸಿದರೆ, ಅದಕ್ಕೆ ಹೊಂದದ ನಾಡು ಹಿಂದುಳಿದುದೆಂಬ ಭ್ರಾಂತಿ ವಿದ್ಯಾರ್ಥಿಯಲ್ಲಿ ಹುಟ್ಟುವುದು.

ಹಾಗೆಂದು ಪರದೇಶಗಳ ಆಧಾರವನ್ನೇ ತಳ್ಳಿಹಾಕುವುದು ವಿವೇಕವಲ್ಲ. ಅಶೋಕನ ಕಾಲವು ಖಚಿತವಾದುದೂ ಪರದೇಶದ ಆಧಾರದಿಂದಲೇ: ಅವನ ಹದಿಮೂರನೆಯ ಬಂಡೆಶಾಸನದಲ್ಲಿ ಐವರು ಯವನರಾಜರ ಹೆಸರುಗಳಿವೆ. ಆದರೆ ಅಲ್ಲಿ ಸಮಕಾಲೀನನೇ ಸಮಕಾಲೀನರನ್ನು ಹೆಸರಿಸಿದ್ದಾನೆ, ಸಾಕ್ಷ್ಯವು ನೇರವಾದುದು. ಬ್ರಹ್ಮಗಿರಿಯ ಪಾತ್ರೆಯ ಚೂರು ಹಾಗಲ್ಲ. ಅದು ಸಂಪರ್ಕದ ಗುರುತೇ ಹೊರತು ಆರಂಭದ ಗುರುತಲ್ಲ. ರೋಮಿನವರು ಈ ನಾಡನ್ನು ಅರಿತ ದಿನ ಬೇರೆ, ಈ ನಾಡು ಹುಟ್ಟಿದ ದಿನ ಬೇರೆ. ವೀಲರ್ ಮಹಾಶಯರ ವರದಿಯಲ್ಲಿ ಮೊದಲನೆಯದು ಎರಡನೆಯದರ ಮೇಲೆ ತನ್ನ ನೆರಳನ್ನು ಚಾಚಿತು.

ಆದುದರಿಂದ ಈ ವರದಿಯನ್ನು ಪದರಗಳ ಕ್ರಮಕ್ಕಾಗಿ ಇಂದಿಗೂ ಓದತಕ್ಕದ್ದು, ವರ್ಷಗಳಿಗಾಗಿ ಓದತಕ್ಕದ್ದಲ್ಲ. ಸೊಕ್ಕೆಯ ಕಡೆಯ ಪಾಠಶಾಲೆಯಲ್ಲಿ ಲೋಕಚರಿತ್ರೆಯ ಪಟ್ಟಿಯನ್ನು ಬರೆಯಿಸುವ ಉಪಾಧ್ಯಾಯರು ಐಗುಪ್ತ ಮತ್ತು ಹರಪ್ಪಗಳ ಸಾಲಿನಲ್ಲಿ ಬೂದಿದಿಬ್ಬಗಳನ್ನೂ, ಕ್ರಿ. ಪೂ. 1000ದ ಸಾಲಿನಲ್ಲಿ ಹಳ್ಳೂರಿನ ಕಬ್ಬಿಣವನ್ನೂ, ಆಮೇಲೆಯೇ ಅಶೋಕನನ್ನೂ ದಿನಾರಿಗಳನ್ನೂ ಬರೆಯಿಸುವುದು ಯುಕ್ತ. ಆಗ ಕನ್ನಡನಾಡಿನ ಅಂಕಣವು ಬರಿದಾಗಿಯೂ ಉಳಿಯದು, ಅತಿಶಯೋಕ್ತಿಯಿಂದಲೂ ತುಂಬದು.