ಪಾಳೆಯವನ್ನು ಬಿಟ್ಟು ನಾಯಕನನ್ನು ಓದಬಹುದೆ?

ಷಿಲ್ಲರನ 'ವಾಲೆನ್‌ಸ್ಟೈನ್' ನಾಟಕತ್ರಯವನ್ನು ಮೆಚ್ಚುವವರು ಸಾಮಾನ್ಯವಾಗಿ ಕೊನೆಯ ನಾಟಕವನ್ನು ಎತ್ತಿ ಹಿಡಿಯುತ್ತಾರೆ. ನಮ್ಮ ಮತ ಮೊದಲನೆಯದಕ್ಕೆ. 1798ರಲ್ಲಿ ವೈಮಾರಿನಲ್ಲಿ ರಂಗಕ್ಕೆ ಬಂದ 'ವಾಲೆನ್‌ಸ್ಟೈನನ ಪಾಳೆಯ' ಚಿಕ್ಕ ನಾಟಕ. ನಾಯಕ ಅದರಲ್ಲಿ ಕಾಲೇ ಇಡುವುದಿಲ್ಲ. ಆದರೂ ಅವನು ಯಾರೆಂದು ನಮಗೆ ತಿಳಿಯುವುದು ಅಲ್ಲಿಯೇ.

ಇತಿಹಾಸದ ವಾಲೆನ್‌ಸ್ಟೈನ್ 1583ರಲ್ಲಿ ಬೊಹೀಮಿಯದಲ್ಲಿ ಹುಟ್ಟಿದವನು. ಪ್ರಾಟೆಸ್ಟೆಂಟನಾಗಿದ್ದವನು ಕ್ಯಾಥೊಲಿಕ್ ಆದ, ಸಿರಿವಂತ ವಿಧವೆಯನ್ನು ಮದುವೆಯಾದ, 1620ರ ಬಿಳಿಬೆಟ್ಟದ ಕಾಳಗದಲ್ಲಿ ಸೋತವರಿಂದ ಮುಟ್ಟುಗೋಲಾದ ಜಮೀನುಗಳನ್ನು ಅಗ್ಗವಾಗಿ ಕೊಂಡ. 1625ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡನಿಗೆ ತನ್ನ ಖರ್ಚಿನಲ್ಲೇ ಸೈನ್ಯ ಕಟ್ಟಿಕೊಡಲು ಮುಂದಾದ. ಗುಟ್ಟು ಇಷ್ಟೇ: ದಂಡು ಎಲ್ಲಿ ಬೀಡುಬಿಡುತ್ತದೋ ಆ ಸೀಮೆಯೇ ಸಂಬಳ, ಊಟ, ಮೇವು ಕೊಡಬೇಕು. ಮುಂಗಡ ಸಾಲ ಎತ್ತಿಕೊಟ್ಟವನು ಪ್ರಾಗಿನ ಹಾನ್ಸ್ ಡ ವಿಟ್ಟೆ ಎಂಬ ಲೇವಾದೇವಿಗಾರ. ಅವನು ಕ್ಯಾಲ್ವಿನ್ ಪಂಥದವನು. ಅವನ ಹಣದಲ್ಲಿ ಕ್ಯಾಥೊಲಿಕ್ ಸೈನ್ಯ ನಡೆಯಿತು! 1630ರಲ್ಲಿ ಚಕ್ರವರ್ತಿ ವಾಲೆನ್‌ಸ್ಟೈನನನ್ನು ತೆಗೆದುಹಾಕಿದಾಗ ಡ ವಿಟ್ಟೆ ತನ್ನ ಬಾವಿಗೆ ಬಿದ್ದು ಸತ್ತ.

ಯೇನಾದಲ್ಲಿ ಇತಿಹಾಸ ಬೋಧಿಸಿ, ಮೂವತ್ತು ವರ್ಷಗಳ ಯುದ್ಧದ ಚರಿತ್ರೆಯನ್ನೇ ಬರೆದ ಷಿಲ್ಲರನಿಗೆ ಈ ಲೆಕ್ಕಾಚಾರ ಗೊತ್ತಿತ್ತು. 'ಪಾಳೆಯ'ದ ಆರಂಭದಲ್ಲೇ ಒಬ್ಬ ರೈತ ಮೋಸದ ದಾಳ ಹಿಡಿದು ಬರುತ್ತಾನೆ. ಸೈನಿಕರು ತನ್ನಿಂದ ಕಸಿದದ್ದನ್ನು ಜೂಜಿನಲ್ಲಾದರೂ ಹಿಂದಕ್ಕೆ ಪಡೆಯೋಣವೆಂಬ ಆಸೆ ಅವನದು. ಸಾಮಾನು ಮಾರುವ ಹೆಂಗಸು ಹಳೆಯ ಬಾಕಿ ವಸೂಲಿಗೆ ದಂಡಿನ ಹಿಂದೆ ಅಲೆಯುತ್ತಾಳೆ. ಯುದ್ಧವೆಂದರೆ ಯಾರ ಗಂಟು ಯಾರ ಪಾಲಾಗುತ್ತದೆ ಎಂಬುದನ್ನು ಇಷ್ಟು ಹಗುರವಾದ ಮಾತಿನಲ್ಲಿ ಹೇಳಿದ ನಾಟಕ ನಮಗೆ ಬೇರೆ ನೆನಪಾಗುತ್ತಿಲ್ಲ.

ಮುಂದಿನ ಎರಡು ನಾಟಕಗಳಲ್ಲಿ ರೈತ ಮರೆಯಾಗುತ್ತಾನೆ. ಬದಲಿಗೆ ಮಾಕ್ಸ್ ಮತ್ತು ಥೆಕ್ಲಾ ಎಂಬ ಪ್ರೇಮಿಗಳು ಬರುತ್ತಾರೆ. ಈ ಮಾಕ್ಸ್ ಕವಿಯ ಸೃಷ್ಟಿ. ವಾಲೆನ್‌ಸ್ಟೈನನ ನಿಜವಾದ ಮಗಳಾದರೋ ಆಗಿನ್ನೂ ಪುಟ್ಟ ಹುಡುಗಿ. ಇವರ ಮಾತುಗಳು ನಮಗೆ ಬೇಸರ ತರಿಸಿದವು ಎಂದರೆ ಷಿಲ್ಲರ್ ಭಕ್ತರು ಕ್ಷಮಿಸಬೇಕು. ಗ್ರಹಗತಿಯ ಪ್ರಸಂಗಗಳ ಬಗ್ಗೆ ನಾವು ದೂರುವುದಿಲ್ಲ. ಕೆಪ್ಲರನಂಥ ಕೆಪ್ಲರನೇ 1608ರಲ್ಲಿ ಇವನ ಜಾತಕ ಬರೆದಿದ್ದ. ಮುಹೂರ್ತ ನೋಡದೆ ಹೊಸಮನೆಯಲ್ಲಿ ಹಾಲುಕ್ಕಿಸದ ನಾವು ನಗುವಂತಿಲ್ಲ.

ದ್ರೋಹದ ಯೋಚನೆಯನ್ನು ಆಟವೆಂದುಕೊಂಡವನು ತಾನೇ ಅದರೊಳಗೆ ಸಿಕ್ಕಿಬಿದ್ದೆನೆಂದು ಅರಿಯುವ ಸ್ವಗತ ಮಾತ್ರ ಅದ್ಭುತ. ಆದರೆ ಸೇನಾನಿಗಳು ಅವನಿಗೆ ಏಕೆ ಅಂಟಿಕೊಂಡಿದ್ದರು? 1634ರ ಜನವರಿಯಲ್ಲಿ ಪಿಲ್ಸೆನ್ನಿನಲ್ಲಿ ಅವರು ನಿಷ್ಠೆಯ ಪತ್ರಕ್ಕೆ ಸಹಿ ಹಾಕಿದ್ದರ ಹಿಂದೆ, ತಾವು ಸೈನ್ಯಕ್ಕೆ ಹಾಕಿದ ಹಣ ಅವನೊಂದಿಗೇ ಮುಳುಗೀತೆಂಬ ಭಯವೂ ಇತ್ತು. ರಂಗದ ಮೇಲೆ ನಮಗೆ ಹೆಚ್ಚಾಗಿ ಕಾಣುವುದು ಔತಣ, ಕುಡಿತ, ಬದಲಾಯಿಸಿದ ಪತ್ರ.

ಕೋಲ್‌ರಿಜ್ 1800ರಲ್ಲಿ ಇಂಗ್ಲಿಷಿಗೆ ತಂದದ್ದು ಕೊನೆಯ ಎರಡನ್ನು ಮಾತ್ರ. ಆ ಅನುವಾದವನ್ನಷ್ಟೇ ಓದಿದವರಿಗೆ ದಾಳದ ರೈತ ಸಿಗುವುದೇ ಇಲ್ಲ. ಬೇರೆ ಅನುವಾದ ಹುಡುಕಿ 'ಪಾಳೆಯ'ದಿಂದಲೇ ಶುರುಮಾಡಿ ಎಂದು ಬಳಗದವರಲ್ಲಿ ನಮ್ಮ ವಿನಂತಿ. ಆಗ ಕೊನೆಯ ದೃಶ್ಯವೂ ಬೇರೆಯಾಗಿ ಕಾಣುತ್ತದೆ. ಏಗರ್ ಪಟ್ಟಣದಲ್ಲಿ ವಾಲೆನ್‌ಸ್ಟೈನನ ಕೊಲೆಯಾಗಿದೆ. ನಂಬಿಸಿ ಕೈಬಿಟ್ಟ ಗೆಳೆಯ ಒಕ್ತಾವಿಯೊಗೆ ಮುದ್ರೆಯೊತ್ತಿದ ಒಂದು ಪತ್ರ ಬರುತ್ತದೆ. ಅದರ ವಿಳಾಸದಲ್ಲಿ ಅವನ ಹೆಸರಿಗೆ ಹೊಸದಾಗಿ 'ರಾಜಕುಮಾರ' ಎಂಬ ಬಿರುದು ಸೇರಿರುತ್ತದೆ.