ಕೊಳಗ, ಕುರ್ಚಿ ಮತ್ತು ‘ಅವಸ್ಥೆ’

ನಮ್ಮೂರಿನ ಸೆಂಟ್ರಲ್ ನಿಲ್ದಾಣದಿಂದ ಬೆಂಗಳೂರಿಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಆವಡಿಯನ್ನು ದಾಟುತ್ತದೆ. 1955ರ ಜನವರಿಯಲ್ಲಿ ಅಲ್ಲಿ ಸೇರಿದ್ದ ಕಾಂಗ್ರೆಸ್ ಅಧಿವೇಶನವು ‘ಸಮಾಜವಾದೀ ಮಾದರಿಯ ಸಮಾಜ’ವೇ ಗುರಿಯೆಂದು ನಿರ್ಣಯ ಮಾಡಿತು. 1976ರಲ್ಲಿ ‘ಸಮಾಜವಾದಿ’ ಎಂಬ ಶಬ್ದ ಸಂವಿಧಾನದ ಪೀಠಿಕೆಗೂ ಸೇರಿತು. ಶಬ್ದವೇನೋ ಬಂತು, ಅದರ ಅರ್ಥವೇನು?

ಭೂಮಿ, ಕಾರ್ಖಾನೆ ಮುಂತಾದವು ಕೆಲವರ ಸ್ವತ್ತಾಗಿರದೆ ಸಮಾಜದ ಹತೋಟಿಗೆ ಬರಬೇಕು, ದುಡಿದವನಿಗೆ ದುಡಿಮೆಯ ಫಲ ದಕ್ಕಬೇಕು ಎಂಬುದು ಅದರ ಆರ್ಥಿಕ ಮುಖ. ಇದನ್ನು ಮತದಿಂದ ಸಾಧಿಸಬೇಕೆ, ಬಂದೂಕಿನಿಂದಲೆ ಎಂಬುದು ರಾಜಕೀಯ ಮುಖ. ಈ ಎರಡು ಮುಖಗಳನ್ನೂ ಕನ್ನಡದಲ್ಲಿ ಅರಿಯಬಯಸುವ ವಾಚಕರಿಗೆ ನಾನು ಸೂಚಿಸುವುದು ಪಠ್ಯಪುಸ್ತಕವನ್ನಲ್ಲ, ಯು. ಆರ್. ಅನಂತಮೂರ್ತಿಯವರ ಕಾದಂಬರಿ ‘ಅವಸ್ಥೆ’ಯನ್ನು (1978).

ಇದರ ನಾಯಕ ಕೃಷ್ಣಪ್ಪಗೌಡ, ದನ ಕಾಯುತ್ತಿದ್ದ ಹುಡುಗ, ರೈತರ ನಾಯಕನಾಗಿ ಬೆಳೆದವನು. ಶಾಂತವೇರಿ ಗೋಪಾಲಗೌಡರ (1923–1972) ಬದುಕಿನ ನೆರಳು ಈ ಪಾತ್ರದ ಮೇಲಿದೆ. ಆ ಬದುಕಿನ ಹಿಂದಿರುವುದು 1951ರ ಕಾಗೋಡು ಸತ್ಯಾಗ್ರಹ. ಗೇಣಿ ಅಳೆಯಲು ಒಡೆಯರು ದೊಡ್ಡ ಕೊಳಗ ಬಳಸುತ್ತಾರೆಂಬುದು ಅಲ್ಲಿನ ಗೇಣಿದಾರರ ಒಂದು ಮುಖ್ಯ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಜೊತೆಗೂಡಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ವಿಜ್ಞಾನ ಓದಿದ ನನಗೆ ಇದು ಬಹಳ ಹಿಡಿಸುತ್ತದೆ: ದೊಡ್ಡದೊಂದು ಸಿದ್ಧಾಂತ ನಮ್ಮ ನಾಡಿನಲ್ಲಿ ಬೇರೂರಿದ್ದು ಅಳತೆಯ ಪ್ರಾಮಾಣಿಕತೆಯಿಂದ! ಗೇಣಿಪದ್ಧತಿಯನ್ನು ರದ್ದುಗೊಳಿಸಿದ ಕಾನೂನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂತು. ಅದನ್ನು ಕಾಣಲು ಗೋಪಾಲಗೌಡರು ಉಳಿದಿರಲಿಲ್ಲ.

ಕಾದಂಬರಿಯಲ್ಲಿ ಬಂದೂಕಿನ ದಾರಿಯ ಅಣ್ಣಾಜಿ ಪೊಲೀಸರಿಂದ ಸಾಯುತ್ತಾನೆ. ಮತದ ದಾರಿ ಹಿಡಿದ ಕೃಷ್ಣಪ್ಪ ಲಕ್ವ ಹೊಡೆದು ಮಲಗಿರುವಾಗ ಮುಖ್ಯಮಂತ್ರಿಯ ಕುರ್ಚಿ ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಕಂಟ್ರಾಕ್ಟರನ ಉಪಕಾರವೂ ಬೆನ್ನಿಗಿರುತ್ತದೆ. ನ್ಯಾಯಕ್ಕಾಗಿ ಹೊರಟವನು ಮನೆಯಲ್ಲಿ ಹೆಂಡತಿ ಸೀತೆಯ ಮೇಲೆ ಕೈಯೆತ್ತುತ್ತಾನೆ. ಇದನ್ನು ಮುಚ್ಚಿಡದಿರುವುದೇ ಲೇಖಕರ ದೊಡ್ಡತನ.

ಆದರೆ ಒಂದು ಆಕ್ಷೇಪಣೆ. ಎಲ್ಲವನ್ನೂ ನಾವು ಕೃಷ್ಣಪ್ಪನ ಮನಸ್ಸಿನ ಮೂಲಕವೇ ನೋಡುತ್ತೇವೆ. ಅವನ ಪಶ್ಚಾತ್ತಾಪ ಪುಟಗಟ್ಟಲೆ ಸಿಗುತ್ತದೆ. ಏಟು ತಿಂದವಳ ಲೆಕ್ಕ ಸಿಗುವುದಿಲ್ಲ. ಯಾರಿಗಾಗಿ ಅವನು ಹೋರಾಡಿದನೋ ಆ ರೈತರೂ ಹಿನ್ನೆಲೆಯಲ್ಲೇ ಉಳಿದುಬಿಡುತ್ತಾರೆ. ಕೊಳಗ ಹಿಡಿದವನ ಕಥೆ ಬಂತು, ಭತ್ತ ಬೆಳೆದವರ ಕಥೆ ಬರಲಿಲ್ಲ.

ಹಾಗೆಂದು ದೂರುವ ನಾನಾದರೂ ಎಂಥವನು? ಬೋನಸ್ಸಿಗಾಗಿ ಯೂನಿಯನ್ ಸಭೆಯಲ್ಲಿ ಸಮಾನತೆಯ ಘೋಷಣೆ ಕೂಗಿ ಮನೆಗೆ ಬರುತ್ತೇನೆ. ನನ್ನಷ್ಟೇ ದಣಿದು ತನ್ನ ಆಫೀಸಿನಿಂದ ಬಂದ ನನ್ನಾಕೆ ಕಾಫಿ ತಂದಿಡುತ್ತಾಳೆ. ‘ಅವಸ್ಥೆ’ ಓದಿ ಮುಗಿಸಿದ ಸಂಜೆ ಆ ಲೋಟ ಎತ್ತಿಕೊಳ್ಳಲು ಸಂಕೋಚವಾಯಿತು. ನಮ್ಮ ಮನೆಯ ಕೊಳಗವೂ ಸ್ವಲ್ಪ ದೊಡ್ಡದೇ ಇರಬೇಕು.